ಕಾರ್ಗ್ ಎಂ1 ಡಿಸ್‌ಪ್ಲೇ ಮಂಕು: ಎಲ್‌ಇಡಿ ಹಾಕಬಹುದಾ?

ನಮಸ್ಕಾರ. ನಿಮ್ಮ ಎಂ1 ಸಂಗೀತ ಕೀಬೋರ್ಡಿನ ಡಿಸ್‌ಪ್ಲೇ ಓದೋಕೆ ಟಾರ್ಚ್ ಹಿಡಿಯಬೇಕು, ಒಳಗಿಂದ ಸಣ್ಣಗೆ ಕೀಂ ಅನ್ನುತ್ತೆ, ಎಲ್‌ಇಡಿ ಹಾಕಬಹುದಾ ಅಂತ ಕೇಳಿದ್ದೀರಿ. ಖಂಡಿತ ಹಾಕಬಹುದು.

1988ರ ಈ ಕೀಬೋರ್ಡಿನಲ್ಲಿ ಡಿಸ್‌ಪ್ಲೇ ಗಾಜಿನ ಹಿಂದೆ ಇರೋದು ಇಎಲ್ (ಎಲೆಕ್ಟ್ರೋಲ್ಯೂಮಿನೆಸೆಂಟ್) ಹಾಳೆ, ಅಂದರೆ ವಿದ್ಯುತ್ ಕೊಟ್ಟರೆ ತಾನೇ ಬೆಳಗುವ ತೆಳು ಹಾಳೆ. ಉರಿದಷ್ಟೂ ಅದರ ಬೆಳಕು ಕುಂದುತ್ತಾ ಹೋಗುತ್ತೆ, ಅದರ ಗುಣವೇ ಅದು. ಅದನ್ನು ಉರಿಸಲು ಪುಟ್ಟ ಇನ್ವರ್ಟರ್ ಒಂದು 100 ವೋಲ್ಟ್ ಆಸುಪಾಸಿನ ಎಸಿ ಕೊಡುತ್ತೆ. ಆ ಕೀಂ ಸದ್ದು ಸಾಮಾನ್ಯವಾಗಿ ಅದರದ್ದೇ.

ದಯವಿಟ್ಟು ಇದೊಂದು ಮಾತ್ರ ಮರೆಯಬೇಡಿ: ಇಎಲ್ ತೆಗೆದ ಜಾಗಕ್ಕೆ ಎಲ್‌ಇಡಿಯನ್ನು ನೇರವಾಗಿ ಜೋಡಿಸಬೇಡಿ, ಸುಟ್ಟುಹೋಗುತ್ತೆ. ಇನ್ವರ್ಟರನ್ನು ಬಿಡಿಸಿ, ಅದಕ್ಕೆ ಬರುವ 5 ವೋಲ್ಟ್ ಡಿಸಿಯನ್ನು ಮೀಟರಿನಲ್ಲಿ ನೋಡಿಕೊಂಡು, ರೆಸಿಸ್ಟರ್ ಮೂಲಕ ಕೊಡಿ. 3 ವೋಲ್ಟಿನ ಬಿಳಿ ಎಲ್‌ಇಡಿಗೆ 20 ಮಿಲಿಆಂಪ್ ಬೇಕಿದ್ದರೆ 100 ಓಮ್ ಸಾಕು. ನಾನಾದರೆ 220 ಓಮ್ ಹಾಕ್ತೀನಿ, ಬೆಳಕು ಸ್ವಲ್ಪ ಕಡಿಮೆಯಾಗುತ್ತೆ. ರಾತ್ರಿ ಕೂತು ನುಡಿಸುವಾಗ ಕಣ್ಣಿಗೆ ಹಿತ.

ಹಾಕುವ ಎಲ್‌ಇಡಿ ಪ್ಯಾನೆಲ್ ತೆಳ್ಳಗಿರಲಿ. ಇಎಲ್ ಹಾಳೆ ಒಂದು ಮಿಲಿಮೀಟರ್ ಕೂಡ ಇರಲ್ಲ. ದಪ್ಪದ್ದನ್ನು ತುರುಕಿದರೆ ಗಾಜಿನ ಅಂಚಿನ ರಬ್ಬರ್ ಪಟ್ಟಿ ಸರಿದು, ಅಕ್ಷರಗಳಲ್ಲಿ ಗೆರೆಗೆರೆಯಾಗಿ ಚುಕ್ಕೆಗಳು ಮಾಯವಾಗುತ್ತವೆ. ಅದನ್ನು ಮತ್ತೆ ಕೂರಿಸೋದು ತುಂಬಾ ತಾಳ್ಮೆಯ ಕೆಲಸ.

ಆ ಹಳೆಯ ನೀಲಿ-ಹಸಿರು ಹೊಳಪೇ ಬೇಕು ಅಂದರೆ ಹೊಸ ಇಎಲ್ ಹಾಳೆಯೂ ಸಿಗುತ್ತೆ. ಅದನ್ನು ಅಳತೆಗೆ ಕತ್ತರಿಸಿದರೆ ಅಂಚಿಗೆ ಟೇಪ್ ಹಚ್ಚಿ. ಸದ್ದು ಮಾತ್ರ ಹಾಗೇ ಉಳಿಯುತ್ತೆ.

ಬಿಚ್ಚುವ ಮೊದಲು ನಿಮ್ಮ ಸೌಂಡುಗಳನ್ನೆಲ್ಲ ಸಿಸೆಕ್ಸ್ ಡಂಪ್ (ಮಿಡಿ ಕೇಬಲ್ ಮೂಲಕ ಕಂಪ್ಯೂಟರಿಗೆ ಪ್ರತಿ) ಮಾಡಿಟ್ಟುಕೊಳ್ಳಿ, ಪ್ಲಗ್ ಕಿತ್ತುಬಿಡಿ. ಹೇಗೂ ತೆಗೀತೀರಲ್ವಾ, ಒಳಗಿನ ಮೆಮೊರಿ ಬ್ಯಾಟರಿಯನ್ನೂ ಬದಲಾಯಿಸಿಬಿಡಿ.