ಉ: ಕ್ರೂಸ್ ಹಡಗಿನಲ್ಲಿ ಸಣ್ಣ ಲ್ಯಾಪ್‌ಟಾಪ್, ವೈಫೈ
ಸಣ್ಣ ಲ್ಯಾಪ್‌ಟಾಪ್ ಒಯ್ದರೆ ಹಡಗಿನ ವೈಫೈನಲ್ಲಿ ಮೇಲ್ ನೋಡಿ, ಫೋಟೋ ಕಳಿಸಬಹುದೇ ಅಂತ ಕೇಳಿದ್ದೀರಿ. ಧಾರಾಳವಾಗಿ ಒಯ್ಯಿರಿ. ಮೇಲ್‌ಗೆ ತೊಂದರೆಯಿಲ್ಲ, ಫೋಟೋಗೆ ತಾಳ್ಮೆ ಬೇಕಾದೀತು. ನಡುಗಡಲಲ್ಲಿ ಇಂಟರ್ನೆಟ್ ಬರುವುದು ಉಪಗ್ರಹದಿಂದ. ಹಳೆಯ ವ್ಯವಸ್ಥೆಯಲ್ಲಿ ಅದು ಸುಮಾರು 36,000 ಕಿ.ಮೀ. ಮೇಲಿರುತ್ತದೆ, ಪ್ರತಿ ಕ್ಲಿಕ್ಕಿಗೂ ಅರ್ಧ ಸೆಕೆಂಡಾದರೂ ಕಾಯಬೇಕು. ಸ್ಟಾರ್‌ಲಿಂಕ್ (ಕೆಳಮಟ್ಟದಲ್ಲಿ ಸುತ್ತುವ ಉಪಗ್ರಹಗಳ ಇಂಟರ್ನೆಟ್ ಸೇವೆ) ಇರುವ ಹಡಗಾದರೆ ಉಪಗ್ರಹ ಸುಮಾರು 550 ಕಿ.ಮೀ. ಎತ್ತರದಲ್ಲೇ ಇರುವುದರಿಂದ ವಿಡಿಯೋ ಕಾಲ್ ಕೂಡ ನಡೆಯುತ್ತದೆ. ಬುಕ್ ಮಾಡುವಾಗಲೇ ಯಾವುದೆಂದು ಕೇಳಿಕೊಳ್ಳಿ.

ಹೊರಡುವ ಮುಂಚೆ ವಿಂಡೋಸ್ ಅಪ್‌ಡೇಟ್, ಕ್ಲೌಡ್ ಸಿಂಕ್ (ಫೈಲ್, ಫೋಟೋಗಳು ತಾವಾಗಿಯೇ ಇಂಟರ್ನೆಟ್‌ಗೆ ನಕಲಾಗುವುದು) ನಿಲ್ಲಿಸಿಬಿಡಿ. ಸದ್ದಿಲ್ಲದೆ ಡೇಟಾ ನುಂಗುವುದು ಇವೇ. ನಿಮ್ಮ ವೈಫೈ ಪ್ಯಾಕೇಜ್ ಒಂದೇ ಸಾಧನಕ್ಕಾದರೆ, ಫೋನಿಗೆ ಬಳಸುವ ಮೊದಲು ಲ್ಯಾಪ್‌ಟಾಪ್‌ನಲ್ಲಿ ಲಾಗ್‌ಔಟ್ ಆಗಿ. ಫೋನ್ ಮಾತ್ರ ಏರೋಪ್ಲೇನ್ ಮೋಡ್‌ನಲ್ಲೇ ಇರಲಿ (ವೈಫೈ ಆನ್ ಮಾಡಿಕೊಳ್ಳಬಹುದು). ಇಲ್ಲದಿದ್ದರೆ ಹಡಗಿನ ಮೊಬೈಲ್ ನೆಟ್‌ವರ್ಕ್ ಹಿಡಿದು ರೋಮಿಂಗ್ ಬಿಲ್ ನೋಡಿ ತಲೆ ತಿರುಗೀತು.