ಗೀಸರ್‌ನ ಕ್ಲಿಪ್ ಮತ್ತೆ ಮತ್ತೆ ಸುಡುವುದೇಕೆ?

ಪ್ರಶ್ನೆ: ಗೀಸರ್‌ನ ಥರ್ಮೋಸ್ಟಾಟ್‌ಗೆ (ನೀರು ಸಾಕಷ್ಟು ಬಿಸಿಯಾದಾಗ ಕರೆಂಟ್ ಕಡಿಯುವ ಭಾಗ) ಸಿಕ್ಕಿಸುವ ವೈರಿನ ಕ್ಲಿಪ್ ಸುಟ್ಟಿತ್ತು. ಹೊಸದು ಹಾಕಿದರೂ ತಿಂಗಳಲ್ಲೇ ಕಪ್ಪಾಯಿತು. ಬೆಸುಗೆ ಹಾಕಿಬಿಡಲೇ?

ಉತ್ತರ: ಬೇಡ, ಜೋಡಣೆ ಕಾದರೆ ಬೆಸುಗೆ ಕರಗಿ ವೈರ್ ಕಳಚೀತು. ನೀವು ಹಳೆಯ ತುದಿಗೇ ಹೊಸ ಕ್ಲಿಪ್ ಒತ್ತಿರಬೇಕು. ಕಪ್ಪಾದ ತಾಮ್ರದ ಎಳೆಗಳನ್ನು ಕ್ಲಿಪ್ ಸರಿಯಾಗಿ ಕಚ್ಚುವುದಿಲ್ಲ. ಅಲ್ಲೇ ಬಿಸಿ ಹುಟ್ಟುತ್ತದೆ.

ಪ್ಲಗ್ ಕಿತ್ತಿಡಿ, ಸ್ವಿಚ್ ಆರಿಸಿದರೆ ಸಾಲದು. ತಾಮ್ರ ಕೆಂಪಗೆ ಹೊಳೆಯುವವರೆಗೆ ವೈರ್ ಕತ್ತರಿಸಿ, ಸುಮಾರು 7 ಮಿ.ಮೀ. ಸುಲಿಯಿರಿ. ಥರ್ಮೋಸ್ಟಾಟ್‌ನ ಕ್ಲಿಪ್ ಕೂರುವ ಲೋಹದ ಪಟ್ಟಿಯ ಅಗಲ ಅಳೆದು (ಸಾಮಾನ್ಯವಾಗಿ 6.3 ಮಿ.ಮೀ.) ಅದೇ ಅಳತೆಯ ಕ್ಲಿಪ್ ತನ್ನಿ, ಮೇಲೆ ಫೈಬರ್‌ಗ್ಲಾಸ್ ಸ್ಲೀವ್ ಇರಲಿ, ಪ್ಲಾಸ್ಟಿಕ್ ಕರಗುತ್ತದೆ. ಒತ್ತಲು ಕ್ರಿಂಪಿಂಗ್ ಇಕ್ಕಳವೇ (ಕ್ಲಿಪ್ಪನ್ನು ವೈರಿಗೆ ಅದುಮಿ ಬಿಗಿಸುವ ಇಕ್ಕಳ) ಬೇಕು. ಬಲವಾಗಿ ಎಳೆದರೂ ವೈರ್ ಜಾರಬಾರದು.

ಕ್ಲಿಪ್ ಕೂರುವ ಆ ಪಟ್ಟಿ ನೀಲಿಗಟ್ಟಿದ್ದರೆ ಥರ್ಮೋಸ್ಟಾಟ್ಟೇ ಬದಲಾಗಬೇಕು. ಉಜ್ಜಿ ಹೊಳಪಿಸಿದರೆ ಇನ್ನೊಂದು ತಿಂಗಳು, ಅಷ್ಟೇ.