ಓದುಗರ ಪ್ರಶ್ನೆ, ನಮ್ಮ ಉತ್ತರ: ಮೆಚ್ಚಿನ ಪೈಪ್ ತಂಬಾಕಿಗೆ ಅಗ್ಗದ ಬದಲಿ

ಪೈಪ್ ತಂಬಾಕಿನ ಬೆಲೆಯ ಬಗ್ಗೆ ಬಂದ ಪತ್ರಗಳನ್ನು ಈ ಬಾರಿ ಒಟ್ಟಿಗೆ ಎತ್ತಿಕೊಳ್ಳಲಾಗಿದೆ. ಉತ್ತರಗಳೆಲ್ಲ ಈಗಾಗಲೇ ಪೈಪ್ ಸೇದುತ್ತಿರುವ ವಯಸ್ಕರಿಗಾಗಿ. ಹೊಸದಾಗಿ ಈ ಅಭ್ಯಾಸ ಹಚ್ಚಿಕೊಳ್ಳಿ ಎಂದು ನಾವು ಯಾರಿಗೂ ಹೇಳುವುದಿಲ್ಲ. ಹೊಗೆಯನ್ನು ಎದೆಗೆ ಎಳೆದುಕೊಳ್ಳದಿದ್ದರೂ ಬಾಯಿ ಮತ್ತು ಗಂಟಲಿನ ಕ್ಯಾನ್ಸರಿನ ಅಪಾಯ ಪೈಪಿನಲ್ಲಿಯೂ ಇದೆ.

ಪ್ರಶ್ನೆ: ಹಲವು ವರ್ಷಗಳಿಂದ ನಾನು ‘ಮೈ ಮಿಕ್ಸ್‌ಚರ್ 965’ ಒಂದನ್ನೇ ಸೇದುತ್ತಾ ಬಂದಿದ್ದೇನೆ. ಮೊದಲು ಅದು ಡನ್‌ಹಿಲ್ ಹೆಸರಿನಲ್ಲಿತ್ತು, ಈಗ ಪೀಟರ್ಸನ್ ಹೆಸರಿನಲ್ಲಿದೆ. ನಮ್ಮ ರಾಜ್ಯದ ತೆರಿಗೆಯೂ ಸೇರಿ ಡಬ್ಬಿಯ ಬೆಲೆ ನನ್ನ ಕೈ ಮೀರಿದೆ. ರುಚಿ ಕೆಡದಂತೆ ಖರ್ಚನ್ನು ಅರ್ಧಕ್ಕೆ ಇಳಿಸಲು ಸಾಧ್ಯವೇ?
– ಓದುಗರೊಬ್ಬರು, ಮಿನಿಯಾಪೊಲಿಸ್

ಉತ್ತರ: ಖರ್ಚು ಅರ್ಧಕ್ಕಿಂತಲೂ ಕೆಳಗಿಳಿಯಬಹುದು. ರುಚಿಯ ವಿಷಯದಲ್ಲಿ ಮಾತ್ರ, ಯಥಾವತ್ತಾದ ನಕಲನ್ನು ಹುಡುಕುತ್ತಾ ಹೋದರೆ ನಿರಾಶೆಯೇ ಗತಿ. ನೀವು ‘ಅಸಲಿ’ ಎಂದುಕೊಂಡಿರುವ 965 ಕೂಡ ಒಂದೇ ಕಡೆ ನೆಲೆ ನಿಂತದ್ದಲ್ಲ. ಆಲ್‌ಫ್ರೆಡ್ ಡನ್‌ಹಿಲ್ 1907ರಲ್ಲಿ ಲಂಡನ್ನಿನ ಡ್ಯೂಕ್ ಸ್ಟ್ರೀಟಿನಲ್ಲಿ ತಂಬಾಕಿನ ಅಂಗಡಿ ತೆರೆದು, ಗಿರಾಕಿಗಳು ಕೇಳಿದಂತೆ ಎಲೆಗಳನ್ನು ಬೆರೆಸಿಕೊಡುತ್ತಿದ್ದ ಪರಂಪರೆಯಿಂದ ಬಂದ ಮಿಶ್ರಣವಿದು. ಮುಂದೆ ಇದನ್ನು ಬೆಲ್‌ಫಾಸ್ಟಿನ ಮರ್ರೀಸ್ ಕಾರ್ಖಾನೆ ತಯಾರಿಸಿತು, ಆಮೇಲೆ ಡೆನ್ಮಾರ್ಕಿನ ಓರ್ಲಿಕ್; 2018ರ ಆಸುಪಾಸಿನಲ್ಲಿ ಡನ್‌ಹಿಲ್ ಹೆಸರಿನ ಪೈಪ್ ತಂಬಾಕು ನಿಂತು, ಅವೇ ಮಿಶ್ರಣಗಳು ಪೀಟರ್ಸನ್ ಎಂಬ ಹೆಸರು ಹೊತ್ತು ಬಂದವು. ಪ್ರತಿ ಬಾರಿ ಕೈ ಬದಲಾದಾಗಲೂ ‘ಮೊದಲಿನ ಹಾಗಿಲ್ಲ’ ಎಂದು ಗೊಣಗಿದವರಿದ್ದಾರೆ, ಹಾಗೆ ಗೊಣಗುತ್ತಲೇ ಅದನ್ನು ಸೇದಿದವರೂ ಅವರೇ.

ಆದ್ದರಿಂದ ಡಬ್ಬಿಯೊಳಗಿನ ಎಲೆ ಯಾವುದು ಎಂಬಲ್ಲಿಂದ ಹುಡುಕಾಟ ಆರಂಭವಾಗಲಿ. 965ರಲ್ಲಿ ಇರುವುದು ಸೈಪ್ರಸ್ಸಿನ ಲ್ಯಾಟಕಿಯಾ, ಓರಿಯೆಂಟಲ್ ಎಂಬ ಪರಿಮಳದ ಚಿಕ್ಕ ಎಲೆ, ಸಹಜ ಸಿಹಿಯ ವರ್ಜೀನಿಯಾ ಮತ್ತು ಕಂದು ಕ್ಯಾವೆಂಡಿಶ್, ಅಂದರೆ ಆವಿ ಕೊಟ್ಟು ಒತ್ತಿ ಮೆದುಗೊಳಿಸಿದ ಎಲೆ. ಈ ನಾಲ್ಕರಲ್ಲಿ ಲ್ಯಾಟಕಿಯಾ ತೀರ ಗಟ್ಟಿ ದನಿಯದು: ಪೈನ್, ಓಕ್, ಮರ್ಟಲ್ ಮುಂತಾದ ಮರಗಿಡಗಳ ಹೊಗೆಯಲ್ಲಿ ಹದವಾದ, ಕಪ್ಪು ಬಣ್ಣದ, ಒಲೆಯ ಘಾಟು ಹೊತ್ತ ಎಲೆ, ಸಿರಿಯಾದ ಬಂದರು ಪಟ್ಟಣದಿಂದ ಅದಕ್ಕೆ ಹೆಸರು ಬಂದಿದ್ದರೂ ಇಂದು ಸಿಗುವುದು ಹೆಚ್ಚಾಗಿ ಸೈಪ್ರಸ್ಸಿನ ಮಾದರಿಯದು. ಕಂದು ಕ್ಯಾವೆಂಡಿಶ್ ಆ ಘಾಟನ್ನು ಸ್ವಲ್ಪ ಮೆತ್ತಗಾಗಿಸುತ್ತದೆ. ಇತರ ‘ಇಂಗ್ಲಿಷ್’ (ಅಂದರೆ ಲ್ಯಾಟಕಿಯಾ ಉಳ್ಳ) ಮಿಶ್ರಣಗಳಿಂದ 965 ಬೇರೆಯಾಗಿ ಕಾಣಲು ಈ ಮೃದುತ್ವವೇ ಮುಖ್ಯ ಕಾರಣ ಎಂಬುದು ನಮ್ಮ ಅಭಿಪ್ರಾಯ. ಬದಲಿ ಹುಡುಕುವವರು ಸಾಮಾನ್ಯವಾಗಿ ಲ್ಯಾಟಕಿಯಾದ ಘಾಟನ್ನೊಂದು ನೋಡಿ ಸುಮ್ಮನಾಗುತ್ತಾರೆ. ನಾಲ್ಕು ದಿನ ಕಳೆದ ಮೇಲೆ ‘ಏನೋ ಕಡಿಮೆ’ ಅನ್ನಿಸಲು ತೊಡಗುತ್ತದೆ.

ಈಗ ಹಣದ ಲೆಕ್ಕ. ಡಬ್ಬಿಯಲ್ಲಿ 50 ಗ್ರಾಂ ಇರುತ್ತದೆ. ಒಂದು ಪೌಂಡ್ ಎಂದರೆ ಸುಮಾರು 454 ಗ್ರಾಂ, ಅಂದರೆ ಒಂಬತ್ತು ಡಬ್ಬಿ. ಉದಾಹರಣೆಗೆ ಡಬ್ಬಿಗೆ 16 ಡಾಲರ್ ಎಂದುಕೊಂಡರೆ ಗ್ರಾಂಗೆ 32 ಸೆಂಟ್ ಬೀಳುತ್ತದೆ. ಅದೇ ಬಗೆಯ ಎಲೆ ತೂಕಕ್ಕೆ ಪೌಂಡಿಗೆ 56 ಡಾಲರಿನಂತೆ ಸಿಕ್ಕರೆ ಗ್ರಾಂಗೆ 12 ಸೆಂಟ್ ಚಿಲ್ಲರೆ. ನಿಮ್ಮ ರಾಜ್ಯದಲ್ಲಿ ಇದರ ಪರಿಣಾಮ ಇಮ್ಮಡಿಯಾಗುತ್ತದೆ, ಏಕೆಂದರೆ ಅಮೆರಿಕದ ಕೇಂದ್ರ ಸರ್ಕಾರದ ತೆರಿಗೆಯು ತೂಕದ ಮೇಲಿದ್ದು ಪೌಂಡಿಗೆ ಮೂರು ಡಾಲರ್ ಕೂಡ ಮುಟ್ಟುವುದಿಲ್ಲವಾದರೂ, ಮಿನೆಸೋಟದ ತೆರಿಗೆ ಸಗಟು ಬೆಲೆಯ ಶೇಕಡಾ 95ರಷ್ಟಿದೆ. ಎಲೆಯ ಬೆಲೆ ಒಂದು ಡಾಲರ್ ಇಳಿದರೆ ಅದರ ಬೆನ್ನಿಗೆ ತೆರಿಗೆಯೂ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ. ಹೀಗಾಗಿ ಡಬ್ಬಿ ಬಿಟ್ಟು, ತೂಕಕ್ಕೆ ಮಾರುವ ತಂಬಾಕಿನ ಜಾಡಿಗಳ ಕಡೆಗೆ ನೋಡಿ. ಪೀಟರ್ ಸ್ಟೋಕ್‌ಬೈ ಹೆಸರಿನ ‘ಇಂಗ್ಲಿಷ್ ಓರಿಯೆಂಟಲ್ ಸುಪ್ರೀಮ್’ ಮತ್ತು ‘ಬಾಲ್ಕನ್ ಸುಪ್ರೀಮ್’ ಹೀಗೆ ತೂಕಕ್ಕೆ ಸಿಗುವ, ಲ್ಯಾಟಕಿಯಾ ಉಳ್ಳ ಮಿಶ್ರಣಗಳು. ಎರಡನ್ನೂ ಎರಡೆರಡು ಔನ್ಸ್ ಮಾತ್ರ ತರಿಸಿಕೊಳ್ಳಿ. ಅಗ್ಗವೆಂದು ಒಮ್ಮೆಗೇ ಪೌಂಡುಗಟ್ಟಲೆ ಕೊಂಡು, ಒಗ್ಗದೆ ಮೂಲೆಗೆ ಹಾಕಿದರೆ ಉಳಿತಾಯದ ಮಾತೆಲ್ಲ ಹೊಗೆಯಾಗಿ ಹೋಗುತ್ತದೆ.

ಇವೆರಡರಲ್ಲಿ ಯಾವುದು ಹತ್ತಿರವೆನಿಸಿದರೂ ಅದಕ್ಕೆ ಮೃದುತ್ವವನ್ನು ನೀವೇ ಸೇರಿಸಬೇಕಾದೀತು. ವಾಸನೆ ಹಾಕದ ಬರ್ಲಿ (ಗಾಳಿಯಲ್ಲಿ ಒಣಗಿಸಿದ, ಸಿಹಿ ಕಡಿಮೆಯ ಎಲೆ) ಅಥವಾ ಕಂದು ಕ್ಯಾವೆಂಡಿಶ್ ಎಲೆಯನ್ನು ಹತ್ತು ಪಾಲಿಗೆ ಒಂದು ಪಾಲಿನಂತೆ ಬೆರೆಸಿ, ಗಾಜಿನ ಜಾಡಿಯಲ್ಲಿ ಮುಚ್ಚಿ ಎರಡು ವಾರ ಬಿಟ್ಟು ನೋಡಿ. ಸಾಲದಿದ್ದರೆ ಒಂದೂವರೆ ಪಾಲು. ಕಾರ್ನೆಲ್ ಅಂಡ್ ಡೀಲ್‌ನಂತಹ ಸಂಸ್ಥೆಗಳು ಲ್ಯಾಟಕಿಯಾ, ಪೆರೀಕ್ (ಹುದುಗಿಸಿದ ಎಲೆ), ಬರ್ಲಿಗಳನ್ನು ಬಿಡಿಬಿಡಿಯಾಗಿ, ಮನೆಯಲ್ಲಿ ಬೆರೆಸಿಕೊಳ್ಳಲೆಂದೇ ಮಾರುತ್ತವೆ. ಪೀಬೆರಿ ಕಾಫಿಪುಡಿಗೆ ಮನೆಯಲ್ಲೇ ಚಿಕೋರಿ ಅಳೆದು ಹಾಕಿಕೊಳ್ಳುವವರಿಗೆ ಈ ಕೆಲಸ ಹೊಸದೇನೂ ಅಲ್ಲ. ಬೆರೆಸಿದ ಪ್ರಮಾಣವನ್ನು ಜಾಡಿಯ ಮೇಲೆ ಬರೆದಿಡಿ. ಕೈಯಳತೆಯಲ್ಲಿ ಕೂಡಿಬಂದ ರುಚಿ ಮರುಬಾರಿ ಕೂಡಿಬರುವುದು ಅಪರೂಪ.

ಪರೀಕ್ಷೆಯ ವಿಧಾನದ ಬಗ್ಗೆಯೂ ಒಂದು ಮಾತು. ನೀವು ಸದಾ 965 ಸೇದುವ ಬ್ರೈಯರ್ ಪೈಪಿನಲ್ಲಿ ಹೊಸದನ್ನು ತುಂಬಬೇಡಿ. ಲ್ಯಾಟಕಿಯಾದ ಹಳೆಯ ಘಾಟು ಮರದಲ್ಲಿ ಉಳಿದಿರುವುದರಿಂದ ಯಾವ ಎಲೆ ಹಾಕಿದರೂ 965ರಂತೆಯೇ ತೋರಬಹುದು. ಮಿಸೂರಿಯ ವಾಷಿಂಗ್‌ಟನ್ ಪಟ್ಟಣದಲ್ಲಿ ಮಿಸೂರಿ ಮೀರ್‌ಶಾಮ್ ಸಂಸ್ಥೆ 1869ರಿಂದ ಮಾಡುತ್ತಿರುವ ಜೋಳದ ದಿಂಡಿನ ಪೈಪ್ ಒಂದನ್ನು ಇದಕ್ಕೆಂದೇ ಇಟ್ಟುಕೊಳ್ಳುವುದು ಲೇಸು. ತೂಕಕ್ಕೆ ಬರುವ ತಂಬಾಕು ಅನೇಕ ವೇಳೆ ಹೆಚ್ಚು ತೇವವಾಗಿರುತ್ತದೆ. ಬೆರಳ ನಡುವೆ ಒತ್ತಿದರೆ ಮುದ್ದೆಯಾಗಿಯೇ ಉಳಿಯುವಂತಿದ್ದರೆ ಅರ್ಧ ಗಂಟೆ ಕಾಗದದ ಮೇಲೆ ಹರಡಿ, ಒತ್ತಿ ಬಿಟ್ಟಾಗ ನಿಧಾನವಾಗಿ ಬಿಚ್ಚಿಕೊಳ್ಳುವ ಹದಕ್ಕೆ ತನ್ನಿ. ಅಗ್ಗದ ಎಲೆಗೆ ‘ನಾಲಿಗೆ ಸುಡುತ್ತದೆ’ ಎಂಬ ಕೆಟ್ಟ ಹೆಸರು ಬರಲು ಎಷ್ಟೋ ಸಲ ಈ ತೇವವೇ ಕಾರಣ.

ಪ್ರಶ್ನೆ: ಪೆಟ್ರೋಲ್ ಬಂಕಿನ ಪಕ್ಕದ ಅಂಗಡಿಯಲ್ಲಿ ‘ಪೈಪ್ ತಂಬಾಕು’ ಎಂದು ಬರೆದ ದೊಡ್ಡ ಚೀಲಗಳು ನಂಬಲಾಗದಷ್ಟು ಅಗ್ಗಕ್ಕೆ ಸಿಗುತ್ತವೆ. ಇವನ್ನು ಕೊಳ್ಳಬಹುದೇ? ನಾನು ವೆನಿಲಾ ಪರಿಮಳದ ಕ್ಯಾಪ್ಟನ್ ಬ್ಲ್ಯಾಕ್ ಸೇದುವವನು.
– ಹ್ಯೂಸ್ಟನ್ನಿನ ಓದುಗರು

ಉತ್ತರ: ಬೇಡ. 2009ರ ಏಪ್ರಿಲ್‌ನಲ್ಲಿ ಅಮೆರಿಕದ ಕೇಂದ್ರ ಸರ್ಕಾರವು ಕೈಯಲ್ಲಿ ಸುತ್ತುವ ಸಿಗರೇಟಿನ ತಂಬಾಕಿಗೆ ಪೌಂಡಿಗೆ 24.78 ಡಾಲರ್ ತೆರಿಗೆ ವಿಧಿಸಿತು. ಪೈಪ್ ತಂಬಾಕಿಗೆ ವಿಧಿಸಿದ್ದು ಕೇವಲ 2.83 ಡಾಲರ್. ಇಷ್ಟು ದೊಡ್ಡ ಅಂತರವಿದ್ದಾಗ ವ್ಯಾಪಾರಿಗಳು ಏನು ಮಾಡಿಯಾರು? ಸಿಗರೇಟಿಗೆ ಹೊಂದುವ ತಂಬಾಕಿನ ಚೀಲಗಳ ಮೇಲೆ ‘ಪೈಪ್ ತಂಬಾಕು’ ಎಂಬ ಹೆಸರು ಕಾಣಿಸಿಕೊಂಡಿತು. ನೀವು ಕಂಡ ಚೀಲಗಳು ಬಹುಪಾಲು ಈ ಜಾತಿಯವು. ಸಣ್ಣಗೆ ಕತ್ತರಿಸಿದ ಒಣ ಎಲೆ ಪೈಪಿನಲ್ಲಿ ಭರ್ರನೆ ಉರಿದು, ಬಟ್ಟಲನ್ನೂ ಬಾಯನ್ನೂ ಕಾಯಿಸುತ್ತದೆ.

ನಿಮ್ಮ ರುಚಿಗೆ ಬದಲಿ ಹುಡುಕುವುದು ಈ ಅಂಕಣದ ಅತಿ ಸುಲಭದ ಕೆಲಸ. ಕ್ಯಾಪ್ಟನ್ ಬ್ಲ್ಯಾಕ್ ತಯಾರಿಸುತ್ತಾ ಬಂದ ಲೇನ್ ಲಿಮಿಟೆಡ್ ಹೆಸರಿನಲ್ಲಿಯೇ ‘1-ಕ್ಯೂ’ ಮತ್ತು ‘ಆರ್‌ಎಲ್‌ಪಿ-6’ ಎಂಬ ಮಿಶ್ರಣಗಳು ತೂಕಕ್ಕೆ ಸಿಗುತ್ತವೆ. ಎರಡನೆಯದು ಬಿಳಿ ಪೊಟ್ಟಣದ ಕ್ಯಾಪ್ಟನ್ ಬ್ಲ್ಯಾಕ್‌ನ ಅಣ್ಣತಮ್ಮನೆಂದೇ ಸೇದುವವರು ಹೇಳುತ್ತಾರೆ.

ಪ್ರಶ್ನೆ: ಮೆಕ್ಲೆಲ್ಯಾಂಡ್ ಸಂಸ್ಥೆಯ ಕೆಂಪು ವರ್ಜೀನಿಯಾ ನನಗೆ ಪ್ರಾಣ. ಸಂಸ್ಥೆ ಮುಚ್ಚಿದ ಮೇಲೆ ಹಳೆಯ ಡಬ್ಬಿಗಳಿಗೆ ಸಂಗ್ರಾಹಕರು ಹೇಳುವ ಬೆಲೆ ಕೇಳಿದರೆ ತಲೆ ತಿರುಗುತ್ತದೆ. ಏನು ಮಾಡಲಿ?
– ಕ್ಯಾಲಿಫೋರ್ನಿಯಾದ ಓದುಗರು

ಉತ್ತರ: ಆ ಬೆಲೆ ಕೊಡಬೇಡಿ. ಕ್ಯಾನ್ಸಸ್ ಸಿಟಿಯ ಮೆಕ್ಲೆಲ್ಯಾಂಡ್ 2018ರಲ್ಲಿ ಬಾಗಿಲು ಹಾಕಿತು. ತಮಗೆ ಬೇಕಾದ ಗುಣದ ಎಲೆ ಸಿಗುತ್ತಿಲ್ಲವೆಂಬುದು ಅವರು ಹೇಳಿದ ಕಾರಣಗಳಲ್ಲೊಂದು. ಡಬ್ಬಿ ತೆರೆದ ಕೂಡಲೇ ಮೂಗಿಗೆ ಬಡಿಯುತ್ತಿದ್ದ ವಿನೆಗರ್‌ನಂತಹ ಹುಳಿ ವಾಸನೆಯೇ ನಿಮಗೆ ಬೇಕಾದುದಾದರೆ ಅದಕ್ಕೆ ಸರಿಸಾಟಿ ಇಲ್ಲ. ಆದರೆ ನಿಮಗೆ ಬೇಕಾದುದು ಮಾಗಿದ ಕೆಂಪು ವರ್ಜೀನಿಯಾದ ಆಳವಾದ ಸಿಹಿ ಎಂದಾದರೆ ದಾರಿ ಇದೆ. ರಿಚ್ಮಂಡಿನ ಸಟ್ಲಿಫ್‌ನವರ ‘515 ಆರ್‌ಸಿ-1’ ಎಂಬ ಕೆಂಪು ವರ್ಜೀನಿಯಾವನ್ನು ಬಹಳ ಮಂದಿ ಸೂಚಿಸುತ್ತಿದ್ದರು; ಅದರ ಮಾತೃಸಂಸ್ಥೆ ಮ್ಯಾಕ್ ಬ್ಯಾರನ್ 2024ರಲ್ಲಿ ಸ್ಕ್ಯಾಂಡಿನೇವಿಯನ್ ಟೊಬ್ಯಾಕೊ ಗ್ರೂಪ್ ವಶವಾದ ನಂತರ ರಿಚ್ಮಂಡಿನ ಕಾರ್ಖಾನೆ ಮುಚ್ಚಿದ್ದರಿಂದ, ಅಂಗಡಿಗಳಲ್ಲಿ ಉಳಿದದ್ದನ್ನು ನೆಚ್ಚಿಕೊಂಡು ಹೊಸ ಮೋಹ ಬೆಳೆಸಿಕೊಳ್ಳುವುದು ಜಾಣತನವಲ್ಲ.

ಅದಕ್ಕಿಂತ ಕಾಲವನ್ನೇ ಕೆಲಸಕ್ಕೆ ಹಚ್ಚಿ. ವರ್ಜೀನಿಯಾ ಎಲೆಯಲ್ಲಿ ಸಕ್ಕರೆಯ ಅಂಶ ಹೆಚ್ಚು. ಗಾಳಿಯಾಡದ ಗಾಜಿನ ಜಾಡಿಯಲ್ಲಿ ತುಂಬಿ, ಬಿಸಿಲು ಬೀಳದ ಕಡೆ ಇಟ್ಟರೆ ಅದು ವರ್ಷಗಳ ಕಾಲ ಮಾಗುತ್ತಾ ಹೋಗಿ ಮೊದಲ ಚುರುಕನ್ನು ಕಳೆದುಕೊಳ್ಳುತ್ತದೆ. ಯಾವ ಕಂಪನಿಯದಾದರೂ ಸರಿ, ಪರಿಮಳ ಹಾಕದ ಕೆಂಪು ವರ್ಜೀನಿಯಾವನ್ನು ತೂಕಕ್ಕೆ ಕೊಂಡು, ಜಾಡಿಗೆ ದಿನಾಂಕ ಹಚ್ಚಿ, ಎರಡು ಮೂರು ವರ್ಷ ಮರೆತುಬಿಡಿ. ಸಂಗ್ರಾಹಕರು ದುಬಾರಿಗೆ ಮಾರುವುದರಲ್ಲಿ ಬಹುಪಾಲು ಈ ಕಾಯುವಿಕೆಯೇ. ಲ್ಯಾಟಕಿಯಾದ ಮಿಶ್ರಣಗಳಿಗೆ ಮಾತ್ರ ಈ ಸೂತ್ರ ಹೊಂದುವುದಿಲ್ಲ, ಏಕೆಂದರೆ ಅದರ ಘಾಟು ಕಾಲ ಕಳೆದಂತೆ ಮಂಕಾಗುತ್ತದೆ. ಜಾಡಿ ಮಾಗುವವರೆಗೆ ಪೆರೀಕ್ ಬೆರೆತ ‘ಲಕ್ಸುರಿ ಬುಲ್ಸ್‌ಐ ಫ್ಲೇಕ್’ ಪ್ರಯತ್ನಿಸಿ. ಪೆರೀಕ್ ಎಂದರೆ ಲೂಯಿಸಿಯಾನದ ಸೇಂಟ್ ಜೇಮ್ಸ್ ಪ್ಯಾರಿಷ್‌ನಲ್ಲಿ ಬೆಳೆದು, ವಿಸ್ಕಿಯ ಪೀಪಾಯಿಗಳಲ್ಲಿ ಭಾರ ಹೇರಿ ತಿಂಗಳುಗಟ್ಟಲೆ ಹುದುಗಿಸುವ ಎಲೆ. ಒಣಹಣ್ಣಿನ ಹುಳಿ, ಮೆಣಸಿನ ಖಾರ ಎರಡೂ ಅದರಲ್ಲಿವೆ.

ಪ್ರಶ್ನೆ: ಮಗಳು ಅಮೆರಿಕದಿಂದ ಬರುವಾಗ ಸುಂಕವಿಲ್ಲದೆ ಎಷ್ಟು ತರಬಹುದು? ಏನು ತರಿಸಿಕೊಂಡರೆ ಹೆಚ್ಚು ದಿನ ಬಂದೀತು?
– ಬೆಂಗಳೂರಿನ ಜಯನಗರದ ಹಿರಿಯರು

ಉತ್ತರ: 2016ರ ಬ್ಯಾಗೇಜ್ ನಿಯಮಗಳಲ್ಲಿ ಪ್ರಯಾಣಿಕರಿಗೆ ಸುಂಕವಿಲ್ಲದೆ ತರಲು ಗೊತ್ತುಪಡಿಸಿದ ಪ್ರಮಾಣ 125 ಗ್ರಾಂ ತಂಬಾಕು; ಹೊರಡುವ ಮೊದಲು ಕಸ್ಟಮ್ಸ್ ಇಲಾಖೆಯ ಈಗಿನ ನಿಯಮವನ್ನು ಮಗಳು ಒಮ್ಮೆ ನೋಡಿಕೊಳ್ಳಲಿ. 125 ಗ್ರಾಂ ಎಂದರೆ ಎರಡೂವರೆ ಡಬ್ಬಿ. ಅರ್ಧ ಡಬ್ಬಿ ಯಾರೂ ಮಾರುವುದಿಲ್ಲವಾದ್ದರಿಂದ ಡಬ್ಬಿಯ ಲೆಕ್ಕದಲ್ಲಿ 25 ಗ್ರಾಂ ನಷ್ಟ. ತೂಕಕ್ಕೆ ಕೊಂಡರೆ ನಾಲ್ಕು ಔನ್ಸ್, ಅಂದರೆ 113 ಗ್ರಾಂ ಬರುತ್ತದೆ. ತೂಕ ಇಷ್ಟು ಬಿಗಿಯಾಗಿರುವಾಗ ಅಗ್ಗದ್ದನ್ನು ತರಿಸುವುದಕ್ಕಿಂತ ಖಾರವಾದುದನ್ನು ತರಿಸುವುದು ಮೇಲು. ಎರಡು ಔನ್ಸ್ ಶುದ್ಧ ಲ್ಯಾಟಕಿಯಾ ತಂದಿಟ್ಟುಕೊಂಡು, ಇಲ್ಲಿ ಸಿಗುವ ಸಾದಾ ಪೈಪ್ ತಂಬಾಕಿಗೆ ನಾಲ್ಕಕ್ಕೆ ಒಂದರಂತೆ ಬೆರೆಸಿದರೆ ಹತ್ತು ಔನ್ಸ್ ಆಗುತ್ತದೆ. ಸಾದಾ ತಂಬಾಕಿಗೆ ಚೆರಿ, ರಮ್ ಮುಂತಾದ ಪರಿಮಳ ಹಾಕಿರಬಾರದು. ಲ್ಯಾಟಕಿಯಾ ಮತ್ತು ಚೆರಿ ಒಂದೇ ಬಟ್ಟಲಿನಲ್ಲಿ ಕೂಡಿದರೆ ಎರಡೂ ಕೆಡುತ್ತವೆ.

ಪ್ರಶ್ನೆ: ನಾವು ನೋಂದಾಯಿತ ತಂಬಾಕು ಬೆಳೆಗಾರರು. ನಮ್ಮ ಬ್ಯಾರನ್ನಿನಲ್ಲಿ (ಎಲೆ ಹದಮಾಡುವ ಮನೆಯಲ್ಲಿ) ಬೇಯಿಸಿದ ಹೊಗೆಸೊಪ್ಪು ವರ್ಜೀನಿಯಾವೇ ತಾನೆ? ಅದನ್ನೇ ಕತ್ತರಿಸಿ ಪೈಪಿಗೆ ತುಂಬಿದರೆ ಯಾಕಾಗದು?
– ಪಿರಿಯಾಪಟ್ಟಣದ ಓದುಗರು

ಉತ್ತರ: ಜಾತಿಯಲ್ಲಿ ಅದು ವರ್ಜೀನಿಯಾವೇ. ಪಿರಿಯಾಪಟ್ಟಣ, ಹುಣಸೂರು ಕಡೆ ಮುಂಗಾರಿಗೆ ಬೆಳೆಯುವ ಈ ಸೊಪ್ಪು ಸೌಮ್ಯ ಗುಣದ್ದಾದ್ದರಿಂದ ಹೊರದೇಶದ ಸಿಗರೇಟು ತಯಾರಕರು ಇತರ ಎಲೆಗಳ ಜೊತೆ ಬೆರೆಸಲು ಕೊಳ್ಳುತ್ತಾರೆ. ಆದರೆ ಬ್ಯಾರನ್ನಿನಿಂದ ಇಳಿಸಿದ ಎಲೆ ಅರ್ಧ ದಾರಿಯಲ್ಲಿರುವ ಎಲೆ. ಪೈಪಿಗೆ ಬರಬೇಕಾದರೆ ಅದು ಮಾಗಬೇಕು, ನಡುನಾರು ತೆಗೆಸಿಕೊಳ್ಳಬೇಕು, ಒತ್ತಿಸಿಕೊಳ್ಳಬೇಕು. ಹಾಗೆಯೇ ಕತ್ತರಿಸಿ ತುಂಬಿದರೆ ಹಸಿಹುಲ್ಲಿನ ಒಗರು, ಜೊತೆಗೆ ನಾಲಿಗೆಯ ಉರಿ.

ಬೆಳೆಯನ್ನು ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆಯಲ್ಲಿಯೇ ಮಾರಬೇಕೆಂಬ ನಿಯಮ ನಿಮಗೆ ತಿಳಿದೇ ಇದೆ, ಹಾಗಾಗಿ ಪೈಪ್ ತಂಬಾಕು ಮಾಡಿ ನೆರೆಯವರಿಗೆ ಮಾರುವ ಯೋಚನೆ ಬೇಡ. ಸ್ವಂತಕ್ಕೆ ಒಂದು ಹಿಡಿ ಇಟ್ಟುಕೊಳ್ಳುವ ಬಗ್ಗೆಯೂ ಮೊದಲು ಮಾರುಕಟ್ಟೆಯ ಅಧೀಕ್ಷಕರನ್ನು ಕೇಳಿಕೊಳ್ಳಿ. ಅವರ ಒಪ್ಪಿಗೆ ಸಿಕ್ಕರೆ, ತೆಳುವಾದ ಬುಡದ ಎಲೆ ಬಿಟ್ಟು, ಮೈದುಂಬಿದ ತುದಿಯ ಎಲೆಗಳನ್ನು ಆರಿಸಿ. ನಡುನಾರು ಬಿಡಿಸಿ, ಆವಿಯಲ್ಲಿ ಮೆತ್ತಗಾಗಿಸಿ, ಪದರ ಪದರವಾಗಿ ಜೋಡಿಸಿ, ಎರಡು ಹಲಗೆಗಳ ನಡುವೆ ಬಿಗಿದು ಕೆಲವು ವಾರ ಭಾರ ಹೇರಿಡಿ. ಬೂಷ್ಟು ಹಿಡಿಯದಂತೆ ನಡುನಡುವೆ ತೆಗೆದು ನೋಡುತ್ತಿರಿ. ಹಿಡಿದ ಎಲೆಯನ್ನು ಒರೆಸಿ ಉಳಿಸಿಕೊಳ್ಳದೆ ಎಸೆದುಬಿಡಿ. ಬಣ್ಣ ನಿಂಬೆ ಹಳದಿಯಿಂದ ಕಂದಿಗೆ ತಿರುಗಿದ ಮೇಲೆ ಕತ್ತರಿಸಿ ಜಾಡಿಗೆ ತುಂಬಿ, ಮುಂದಿನ ಹಂಗಾಮಿನ ಸೊಪ್ಪು ಬ್ಯಾರನ್ನಿಗೆ ಏರುವವರೆಗೂ ಅದನ್ನು ಮುಟ್ಟಬೇಡಿ.